ಕಾರ್ಡಿಗೆ ಬಾರದ ಗುಳಿಗೆ

2010ರಿಂದ 2012ರವರೆಗೆ ಕರ್ನಾಟಕದ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಬಡವರಿಂದ ಬಿಡಿಗಾಸೂ ಪಡೆಯದೆ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಅದೇ ವರ್ಷ ಬೆಳಗಾವಿ ವಿಭಾಗಕ್ಕೂ ಬಂತು. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಹಾಗಾಗಿ ಹಾವೇರಿ, ಬಳ್ಳಾರಿ ಕಡೆಯ ಊರಿನವನಿಗೆ ಹೃದಯದ ಆಪರೇಷನ್ ಆಗಬೇಕೆಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಬಿಲ್ಲಿಲ್ಲ. ನಾಲ್ಕು ಹೊಲ ದಾಟಿ ದಾವಣಗೆರೆ, ಶಿವಮೊಗ್ಗ ಕಡೆಗೆ ಬಂದರೆ, ಅಲ್ಲಿನವನ ಕೈಯಲ್ಲೂ ಅದೇ ಬಿಪಿಎಲ್ ಕಾರ್ಡ್, ಅವನಿಗೂ ಅದೇ ಎದೆನೋವು, ಖರ್ಚು ಮಾತ್ರ ಪೂರ್ತಿ ಅವನದೇ.

ಸರ್ಕಾರ ಈ ಗೆರೆಯನ್ನು ಸಂಶೋಧನೆಗೆಂದು ಎಳೆದದ್ದಲ್ಲ. ಯೋಜನೆಯನ್ನು ಹಂತಹಂತವಾಗಿ ವಿಸ್ತರಿಸುವಾಗ ತಾನಾಗಿ ಬಿದ್ದ ಗೆರೆ ಅದು. ಆದರೆ ಅರ್ಥಶಾಸ್ತ್ರಜ್ಞರ ಕಣ್ಣಿಗೆ ಅದು ಬಿತ್ತು. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತಿತರರು ಗೆರೆಯ ಈಚೆ ಆಚೆ ಐನೂರಕ್ಕೂ ಹೆಚ್ಚು ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆಗೆ ಜನರನ್ನು ಕಳಿಸಿದರು. ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರಾ, ಯಾವ ಕಾಯಿಲೆ, ಆಸ್ಪತ್ರೆಗೆ ಎಷ್ಟು ಖರ್ಚಾಯಿತು ಎಂಬ ನೇರ ಪ್ರಶ್ನೆಗಳು. ಉತ್ತರಗಳು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾದವು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಸತ್ತವರ ಪ್ರಮಾಣ ಗೆರೆಯ ಉತ್ತರದ ಬಡ ಕುಟುಂಬಗಳಲ್ಲಿ ಶೇ 0.32, ದಕ್ಷಿಣದಲ್ಲಿ ಶೇ 0.90. ಅಂದರೆ ಉತ್ತರದಲ್ಲಿ ಶೇ 64ರಷ್ಟು ಕಡಿಮೆ. ಯೋಜನೆಗೆ ಒಳಪಡದ, ಬಡತನ ರೇಖೆಗಿಂತ ಮೇಲಿನ ಮನೆಗಳಲ್ಲಿ ಈಚೆಗೂ ಆಚೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಊರುಗಳ ನೀರು ಒಳ್ಳೆಯದು, ಗಾಳಿ ಒಳ್ಳೆಯದು ಎಂಬ ವಾದಕ್ಕೆ ಅಲ್ಲಿಗೆ ಜಾಗವಿಲ್ಲದಾಯಿತು.

ಸರ್ಕಾರಿ ಯೋಜನೆಯೊಂದು ಜೀವ ಉಳಿಸಿತು ಎಂದು ಇಷ್ಟು ಸ್ಪಷ್ಟವಾಗಿ ಹೇಳಬಲ್ಲ ಸಂದರ್ಭ ನಮ್ಮ ದೇಶದಲ್ಲಿ ಅಪರೂಪ. ಹೇಗೆ ಸಾಧ್ಯವಾಯಿತು ಎಂದು ನೋಡಿದರೆ ಕಾರ್ಡ್ ಹಂಚಿದ್ದರಿಂದಷ್ಟೇ ಅಲ್ಲ. ಕಾರ್ಡ್ ಇದ್ದ ಮಾತ್ರಕ್ಕೆ ಹಳ್ಳಿಯವರು ಬಸ್ಸು ಹತ್ತಿ ಬೆಂಗಳೂರಿಗೆ ಬರುವುದಿಲ್ಲ. ಯೋಜನೆ ನಡೆಸುತ್ತಿದ್ದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಆಸ್ಪತ್ರೆಗಳನ್ನೇ ಹಳ್ಳಿಗಾಡಿಗೆ ಕಳಿಸಿ ತಪಾಸಣಾ ಶಿಬಿರ ಮಾಡಿಸಿತು. ಯಾರಿಗೆ ಹೃದಯದ ಕವಾಟ ಕೆಟ್ಟಿದೆ, ಯಾರ ಗಂಟು ಕ್ಯಾನ್ಸರ್ ಇರಬಹುದು ಎಂದು ಗುರುತಾಗುತ್ತಿದ್ದುದು ಅಲ್ಲಿ. ಆಸ್ಪತ್ರೆಯಲ್ಲಿ ಕಾಗದಪತ್ರ ನೋಡಿಕೊಳ್ಳಲು ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿ ಇರುತ್ತಿದ್ದರು. ಪ್ರೀಮಿಯಂ ಇಲ್ಲ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಖರ್ಚು ಟ್ರಸ್ಟಿನದು, ತೀರಾ ಬೇಕೆಂದರೆ ಇನ್ನೂ ಐವತ್ತು ಸಾವಿರ. ಪಟ್ಟಿಯಲ್ಲಿದ್ದುದು ನಾನೂರು ಚಿಲ್ಲರೆ ಚಿಕಿತ್ಸೆಗಳು ಮಾತ್ರ. ಪಟ್ಟಿ ಚಿಕ್ಕದಿದ್ದದ್ದೇ ಒಳ್ಳೆಯದಾಯಿತೆಂದು ನನಗೆ ಅನ್ನಿಸುತ್ತದೆ. ಯಾವುದು ಸಿಗುತ್ತದೆ, ಯಾವುದು ಇಲ್ಲ ಎಂಬುದರಲ್ಲಿ ಗೊಂದಲವಿರಲಿಲ್ಲ.

ಇದಕ್ಕೂ ಮೊದಲು ಕರ್ನಾಟಕ ಯಶಸ್ವಿನಿಯನ್ನು ಕಂಡಿತ್ತು. ಹೃದಯ ತಜ್ಞ ಡಾ. ದೇವಿಶೆಟ್ಟಿ ಅವರ ಯೋಚನೆ, ಸಹಕಾರ ಇಲಾಖೆಯ ಜಾಲ, ಎಸ್.ಎಂ. ಕೃಷ್ಣ ಸರ್ಕಾರದ ಬೆಂಬಲ ಸೇರಿ 2003ರ ಜೂನ್‌ನಲ್ಲಿ ಜಾರಿಗೆ ಬಂದ ಯೋಜನೆ ಅದು. ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ. ಹಾಲಿನ ಸಂಘದಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಸದಸ್ಯರಾಗಿದ್ದವರು ಆ ಹಣ ಕಟ್ಟಿದರೆ ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗೆ ಅರ್ಹರು. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು. ಡೇರಿಗೆ ಹಾಲು ಹಾಕುವವರ ಲೆಕ್ಕದ ಪುಸ್ತಕ ಊರೂರಲ್ಲಿ ಮೊದಲೇ ಇತ್ತು. ಸದಸ್ಯರನ್ನು ಹುಡುಕಲು, ವಂತಿಗೆ ವಸೂಲಿ ಮಾಡಲು ಹೊಸ ಕಚೇರಿ ಬೇಕಾಗಲಿಲ್ಲ. ಜ್ವರ ಬಂದರೆ ಯಶಸ್ವಿನಿಯಲ್ಲಿ ಔಷಧಿಗೆ ದುಡ್ಡಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಗೂ ಇಲ್ಲ. ಆಪರೇಷನ್‌ಗೆ ಮಾತ್ರ. ಯೋಜನೆ ಕಟ್ಟಿದವರಿಗೆ ಇದು ಗೊತ್ತಿದ್ದೇ ಮಾಡಿದ ಆಯ್ಕೆ. ವರ್ಷಕ್ಕೆ ಆಪರೇಷನ್ ಬೇಕಾಗುವವರು ಕೆಲವರೇ. ಮಾತ್ರೆ ಎಲ್ಲರಿಗೂ ಬೇಕು. 60 ರೂಪಾಯಿಯಲ್ಲಿ ಎಲ್ಲರ ಮಾತ್ರೆ ತೂಗುವುದಿಲ್ಲ.

2018ರಲ್ಲಿ ಇಂಥವನ್ನೆಲ್ಲ ಒಂದೇ ಚಾವಣಿಯಡಿ ತಂದು ‘ಆರೋಗ್ಯ ಕರ್ನಾಟಕ’ವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ. ಹಾಗೆ ನಿಂತುಹೋದ ಯಶಸ್ವಿನಿ, ಸಹಕಾರಿಗಳ ಒತ್ತಾಯದಿಂದ 2022ರ ಕೊನೆಗೆ ಮತ್ತೆ ನೋಂದಣಿ ಶುರುಮಾಡಿತು. ತಮ್ಮದು ಎಂದು ವಂತಿಗೆ ಕಟ್ಟಿದ್ದವರಿಗೆ ಉಚಿತ ಕಾರ್ಡ್ ಸಮಾಧಾನ ಕೊಡಲಿಲ್ಲವೆಂಬುದು ಗಮನಿಸಬೇಕಾದ ಮಾತು.

ಕಾರ್ಡ್ ಹಿಡಿದು ಹೋದವರಿಗೆ ಏನಾಗುತ್ತದೆ? ಪ್ರತಿ ಚಿಕಿತ್ಸೆಗೂ ಸರ್ಕಾರ ಒಂದು ಪ್ಯಾಕೇಜ್ ದರ ಗೊತ್ತು ಮಾಡಿರುತ್ತದೆ. ಬಹಳಷ್ಟು ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಈ ಸೌಲಭ್ಯವಿಲ್ಲ ಎಂದು ಅಲ್ಲಿ ರೆಫರಲ್ ಬರೆದುಕೊಟ್ಟರೆ ಖಾಸಗಿಯಲ್ಲಿ ಕಾರ್ಡ್ ನಡೆಯುತ್ತದೆ. ತುರ್ತು ಚಿಕಿತ್ಸೆಯ ಪಟ್ಟಿ ಬೇರೆ ಇದೆ, ಅದಕ್ಕೆ ರೆಫರಲ್ ಬೇಡ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಸರ್ಕಾರಿ ಆಸ್ಪತ್ರೆಗಳು ಬರಿದಾಗಬಾರದು, ಖಾಸಗಿಯವರು ಬೇಡದ ಆಪರೇಷನ್ ಮಾಡಬಾರದು ಎಂಬ ಉದ್ದೇಶವೂ ಸರಿಯಾದದ್ದೇ. ಆದರೆ ಕೌಂಟರಿನ ಮುಂದೆ ನಿಂತವರ ಕಿವಿಗೆ ಬೀಳುವ ಮಾತುಗಳು ಬೇರೆ: ‘ಇದು ಕಾರ್ಡಿಗೆ ಬರಲ್ಲ’, ‘ಅಪ್ರೂವಲ್ ಬಂದಿಲ್ಲ’, ‘ಸ್ಟೆಂಟ್ ಕಾರ್ಡಲ್ಲಿ, ಉಳಿದದ್ದು ನೀವು ಕಟ್ಟಬೇಕು’. ದರ ಸಾಲದು, ಬಿಲ್ ಪಾವತಿ ತಿಂಗಳುಗಟ್ಟಲೆ ತಡ ಎಂಬುದು ಆಸ್ಪತ್ರೆಗಳ ದೂರು. ಎರಡರಲ್ಲೂ ಸತ್ಯವಿದೆ. ದರವನ್ನು ಲೆಕ್ಕ ಹಾಕಿ ಕಾಲಕಾಲಕ್ಕೆ ಪರಿಷ್ಕರಿಸದೆ, ಹೊತ್ತಿಗೆ ಸರಿಯಾಗಿ ಹಣ ಬಿಡುಗಡೆ ಮಾಡದೆ, ರೋಗಿಯಿಂದ ಪೈಸೆ ಕೇಳಬೇಡಿ ಎಂದು ಸುತ್ತೋಲೆ ಹೊರಡಿಸಿದರೆ ಆ ಪೈಸೆ ಮೇಜಿನ ಅಡಿಯಿಂದ ಕೈ ಬದಲಾಯಿಸುತ್ತದೆ, ಅಷ್ಟೆ.

ಖಾಸಗಿ ಆಸ್ಪತ್ರೆಗಳಿಂದ ಸೇವೆ ಕೊಳ್ಳುವುದು ಸರ್ಕಾರಕ್ಕೆ ಸುಲಭ, ಅವುಗಳನ್ನು ಅಂಕೆಯಲ್ಲಿಡುವುದು ಕಷ್ಟ. 2017ರಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ, ಅಂದರೆ ಎಲ್ಲರೂ ಕೆಪಿಎಂಇ ಎನ್ನುವ ಕಾಯ್ದೆಗೆ, ತಿದ್ದುಪಡಿ ತಂದರು. ಚಿಕಿತ್ಸೆಯ ದರ ಸರ್ಕಾರವೇ ನಿಗದಿ ಮಾಡುವುದು, ಉಲ್ಲಂಘಿಸಿದರೆ ಜೈಲು ಎಂಬ ಮಾತುಗಳು ಅದರಲ್ಲಿದ್ದವು. ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ ಬೀದಿಗಿಳಿದರು. ದಿನಗಟ್ಟಲೆ ಆಸ್ಪತ್ರೆ ಬಾಗಿಲಲ್ಲಿ ಜನ ಪರದಾಡಿದರು, ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ಜೈಲಿನ ಮಾತು ಬಿಟ್ಟು, ದರದ ಅಂಕೆಯನ್ನು ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಸೀಮಿತಗೊಳಿಸಿ, ಮಸೂದೆ ಅಂಗೀಕಾರವಾಯಿತು.

ಹಲ್ಲು ಕಿತ್ತ ಕಾನೂನು ಎಂದು ಆಗ ಹಲವರು ಬರೆದರು. ನಾನು ಅಷ್ಟು ಹಗುರವಾಗಿ ನೋಡಲಾರೆ. ಬಾಕಿ ಕಟ್ಟಿಲ್ಲವೆಂದು ಹೆಣ ಇಟ್ಟುಕೊಳ್ಳುವಂತಿಲ್ಲ ಎಂಬುದು ಆ ಕಾನೂನಿನಲ್ಲಿ ಉಳಿದುಕೊಂಡಿತು. ತುರ್ತಿನಲ್ಲಿ ಬಂದವರಿಂದ ಮುಂಗಡ ಕೇಳುವಂತಿಲ್ಲ, ಯಾವ ಚಿಕಿತ್ಸೆಗೆ ಎಷ್ಟು ದರವೆಂದು ಕಾಣುವ ಜಾಗದಲ್ಲಿ ಬರೆದಿರಬೇಕು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ತಂದೆಯ ಶವದ ಮುಂದೆ ಒಡವೆ ಅಡವಿಡಲು ಓಡುವ ಮಗಳಿಗೆ ಇದೊಂದು ಸಾಲಿನ ಕಾನೂನು ಸಣ್ಣದಲ್ಲ. ಜಿಲ್ಲೆಯಲ್ಲಿ ಇಂಥದೊಂದು ಪ್ರಾಧಿಕಾರ ಇದೆಯೆಂದು ಆಕೆಗೆ ಯಾರೂ ಹೇಳಿರುವುದಿಲ್ಲ ಎಂಬುದು ಬೇರೆ ಮಾತು. 2023ರ ಮಾರ್ಚ್‌ನಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಮಸೂದೆ ಅಂಗೀಕರಿಸಿದಾಗಲೂ ಜೈಪುರದ ಬೀದಿಗಳಲ್ಲಿ ಇದೇ ಜಗಳ ನಡೆಯಿತು, ಇದೇ ರೀತಿ ರಾಜಿಯಲ್ಲಿ ಮುಗಿಯಿತು.

ಇಲ್ಲಿಯವರೆಗಿನ ಮಾತೆಲ್ಲ ಆಸ್ಪತ್ರೆಗೆ ಸೇರಿದವರದು. ಬಹುಪಾಲು ಮನೆಗಳಲ್ಲಿ ದುಡ್ಡು ಸೋರುವ ಜಾಗ ಅದಲ್ಲ. ದೇಶದಲ್ಲಿ ಆರೋಗ್ಯಕ್ಕಾಗುವ ಒಟ್ಟು ಖರ್ಚಿನಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎನ್ನುತ್ತದೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಇಳಿದದ್ದು ಸಂತೋಷ. ಆದರೆ ಆ ಜೇಬಿನ ಹಣದಲ್ಲಿ ದೊಡ್ಡ ಪಾಲು ಹೋಗುವುದು ಔಷಧಿಗೆ. ಅದರಲ್ಲೂ ಆಸ್ಪತ್ರೆಯಲ್ಲಿ ಮಲಗದೆ, ಮನೆಯಲ್ಲಿದ್ದುಕೊಂಡು ದಿನಾ ನುಂಗುವ ಔಷಧಿಗೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ರಕ್ತದೊತ್ತಡ ಇರುವ ವಯಸ್ಕರು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರ ಪಾಲಿಗೆ 5 ಲಕ್ಷದ ಕಾರ್ಡ್ ಪೆಟ್ಟಿಗೆಯಲ್ಲಿಟ್ಟ ಕಾಗದ. ಕಿಡ್ನಿ ಹಾಳಾದ ದಿನ, ಪಾರ್ಶ್ವವಾಯು ಹೊಡೆದ ದಿನ ಅದು ಹೊರಗೆ ಬರುತ್ತದೆ.

ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಔಷಧಿ ಕೌಂಟರಿನ ಮುಂದೆ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಸಾಕು. ಹೆಂಗಸರದೊಂದು ಸಾಲು, ಗಂಡಸರದೊಂದು. ಕಿಟಕಿಯ ಕಂಬಿಯಾಚೆ ಇರುವವರು ಚೀಟಿ ನೋಡಿ, ಕಾಗದದ ಕವರಿನ ಮೇಲೆ ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಗೀಟು ಹಾಕಿ ಕೊಡುತ್ತಾರೆ.

‘ಅಮ್ಮಾ, ಬಿಪೀದು ಹದಿನೈದು ದಿನಕ್ಕೆ ಕೊಟ್ಟಿದೀನಿ. ಶುಗರಿಂದು ಒಂದು ಇಲ್ಲ, ಹೊರಗಡೆ ತಗೊಳ್ಳಿ.’

‘ಹೋದ್ಸಲಾನೂ ಹಿಂಗೇ ಅಂದ್ರಲ್ಲ ಸಾರ್.’

‘ಸ್ಟಾಕ್ ಬಂದಿಲ್ಲಮ್ಮ. ಮುಂದಿನ ವಾರ ಬನ್ನಿ.’

ಮುಂದಿನ ವಾರ ಬರಬೇಕೆಂದರೆ ಒಂದು ದಿನದ ಕೂಲಿ ಹೋಗಬೇಕು. ಆಕೆ ಎದುರಿನ ಮೆಡಿಕಲ್ ಶಾಪಿನಲ್ಲಿ ಬ್ರಾಂಡಿನ ಮಾತ್ರೆಯ ಒಂದು ಶೀಟ್ ಕೊಳ್ಳುತ್ತಾಳೆ. ದುಡ್ಡು ಸಾಲದಿದ್ದರೆ ಅರ್ಧ ಶೀಟ್ ಕತ್ತರಿಸಿ ಕೊಡಿ ಎನ್ನುತ್ತಾಳೆ. ಅರ್ಧ ಶೀಟಿನ ಆಮೇಲೆ ಕೆಲವು ದಿನ ಮಾತ್ರೆ ಇರುವುದಿಲ್ಲ. ಡಾಕ್ಟರ್ ಕೇಳಿದರೆ ತಪ್ಪದೆ ತಗೋತಿದೀನಿ ಎನ್ನುತ್ತಾಳೆ.

ಈ ಕಿಟಕಿಯನ್ನು ಸರಿಪಡಿಸಲು ಹೊರಟ ರಾಜ್ಯ ತಮಿಳುನಾಡು. ಎಂಬತ್ತರ ದಶಕದ ಕೊನೆ, ತೊಂಬತ್ತರ ಆರಂಭದಲ್ಲಿ ಅಲ್ಲಿಯೂ ಔಷಧಿ ಖರೀದಿ ಹಗರಣಗಳ ಗೂಡಾಗಿತ್ತು. 1994ರಲ್ಲಿ ಸರ್ಕಾರ ತಮಿಳುನಾಡು ವೈದ್ಯಕೀಯ ಸೇವಾ ನಿಗಮವನ್ನು ಕಂಪನಿಯಾಗಿ ನೋಂದಾಯಿಸಿತು. 1995ರ ಜನವರಿಯಿಂದ ಅದು ಔಷಧಿ ಪೂರೈಸತೊಡಗಿತು. ಐಎಎಸ್ ಅಧಿಕಾರಿ ಆರ್. ಪೂರ್ಣಲಿಂಗಂ ಅದರ ರೂವಾರಿ. ಹೊಸ ಔಷಧಿ ಕಂಡುಹಿಡಿಯಲಿಲ್ಲ, ಹೊಸ ಆಸ್ಪತ್ರೆ ಕಟ್ಟಲಿಲ್ಲ. ಮಾಡಿದ್ದೆಲ್ಲ ಉಗ್ರಾಣದ ಕೆಲಸ.

ಮೊದಲು ಪಟ್ಟಿ. ನೂರಾರು ಕಂಪನಿಗಳ ಸಾವಿರಾರು ಬ್ರಾಂಡ್ ಬಿಟ್ಟು, ಅವಶ್ಯಕ ಔಷಧಿಗಳನ್ನು ಅವುಗಳ ಮೂಲ ಹೆಸರಿನಲ್ಲೇ ಪಟ್ಟಿಮಾಡಿ ಇಡೀ ರಾಜ್ಯಕ್ಕೆ ಒಂದೇ ಟೆಂಡರ್ ಕರೆದರು. ಟೆಂಡರಿಗೆ ಎರಡು ಲಕೋಟೆ: ಕಂಪನಿಯ ಯೋಗ್ಯತೆಯದು ಒಂದು, ಬೆಲೆಯದು ಇನ್ನೊಂದು. ಯೋಗ್ಯತೆಯಲ್ಲಿ ಗೆದ್ದವರ ಬೆಲೆ ಲಕೋಟೆ ಮಾತ್ರ ಒಡೆಯುವುದು. ಜಿಲ್ಲೆಗಳಲ್ಲಿ ಉಗ್ರಾಣ ಕಟ್ಟಿದರು, ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ದಾಸ್ತಾನಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದರು. ಮಾತ್ರೆಯ ಶೀಟಿನ ಮೇಲೆ ಸರ್ಕಾರದ ಲಾಂಛನ, ‘ಮಾರಾಟಕ್ಕಲ್ಲ’ ಎಂಬ ಮಾತು ಅಚ್ಚು ಹಾಕಿಸಿದರು. ಕದ್ದರೂ ಮಾರಲು ಕಷ್ಟ.

ನನಗೆ ಬಹಳ ಹಿಡಿಸಿದ್ದು ಪಾಸ್‌ಬುಕ್. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ದೊಡ್ಡಾಸ್ಪತ್ರೆಯವರೆಗೆ ಪ್ರತಿಯೊಂದಕ್ಕೂ ಬ್ಯಾಂಕಿನದರಂಥ ಒಂದು ಪುಸ್ತಕ. ವರ್ಷಕ್ಕೆ ಇಷ್ಟು ಹಣದ ಔಷಧಿ ನಿಮ್ಮದು ಎಂದು ಅದರಲ್ಲಿ ಬರೆದಿರುತ್ತದೆ. ಡಾಕ್ಟರು ತಮ್ಮ ಊರಿಗೆ ಏನು ಬೇಕೋ ಅದನ್ನು ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ, ಪುಸ್ತಕದಲ್ಲಿ ಅಷ್ಟು ಕಳೆಯುತ್ತದೆ. ಮೇಲಿನವರು ತೋಚಿದ್ದನ್ನು ತುಂಬಿ ಕಳಿಸುವ ಪದ್ಧತಿ ನಿಂತಿತು. ಬೇಡದ ಕೆಮ್ಮಿನ ಸಿರಪ್ ಮೂಲೆಯಲ್ಲಿ ಅವಧಿ ಮೀರಿ ಕೂತಿರುವುದು, ಬೇಕಾದ ಮಾತ್ರೆ ಇಲ್ಲದಿರುವುದು ಕಡಿಮೆಯಾಯಿತು. ಸಣ್ಣ ಕೇಂದ್ರದ ವೈದ್ಯರಿಗೂ ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಗೊತ್ತು. ತುರ್ತಿಗೆ ಸ್ಥಳದಲ್ಲೇ ಕೊಳ್ಳಲು ಒಂದು ಸಣ್ಣ ಪಾಲು ಬೇರೆ.

ಗುಣಮಟ್ಟದ ವಿಚಾರದಲ್ಲಿ ಅವರು ಯಾರನ್ನೂ ನಂಬಲಿಲ್ಲ. ಉಗ್ರಾಣಕ್ಕೆ ಬಂದ ಬ್ಯಾಚ್ ಮೊದಲು ಪ್ರತ್ಯೇಕವಾಗಿ ಕೂರಬೇಕು. ಮಾದರಿ ತೆಗೆದು, ಕಂಪನಿಯ ಗುರುತು ಅಳಿಸಿ, ಬರೀ ಸಂಕೇತ ಹಚ್ಚಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಯಾರ ಔಷಧಿ ಪರೀಕ್ಷಿಸುತ್ತಿದ್ದೇವೆಂದು ಅಲ್ಲಿನವರಿಗೆ ತಿಳಿಯದು. ಪಾಸಾದ ಮೇಲಷ್ಟೇ ಆಸ್ಪತ್ರೆಗೆ ಹೋಗುವುದು. ಫೇಲಾದರೆ ವಾಪಸ್, ಪದೇ ಪದೇ ಫೇಲಾದರೆ ಕಪ್ಪುಪಟ್ಟಿ. ಕೇರಳ ಇದೇ ಮಾದರಿಯ ನಿಗಮ ಕಟ್ಟಿತು. ರಾಜಸ್ಥಾನ 2011ರ ಗಾಂಧಿ ಜಯಂತಿಯಂದು ಉಚಿತ ಔಷಧಿ ಯೋಜನೆ ಆರಂಭಿಸುವ ಮುಂಚೆ ನಿಗಮವನ್ನು ಸಿದ್ಧಮಾಡಿಕೊಂಡಿತು. ಘೋಷಣೆಗಿಂತ ಮೊದಲು ಗೋದಾಮು. ಈ ಅನುಕ್ರಮ ನಮ್ಮಲ್ಲಿ ಸಾಮಾನ್ಯವಾಗಿ ತಿರುವುಮುರುವು.

ಕರ್ನಾಟಕಕ್ಕೂ ಇದು ತಿಳಿಯದ ವಿದ್ಯೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ, ಸಮಾನತೆ ಮತ್ತು ಗುಣಮಟ್ಟದ ಜೊತೆಗೆ ಪ್ರಾಮಾಣಿಕತೆಯನ್ನೂ ಆರೋಗ್ಯ ಸುಧಾರಣೆಯ ತಲೆಬರಹದಲ್ಲೇ ಇಟ್ಟಿತ್ತು. ಔಷಧಿ ಉಗ್ರಾಣಗಳಿಗೆಂದು ಒಂದು ಸಂಸ್ಥೆ ಹುಟ್ಟಿತು, ಮುಂದೆ ಅದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಾಯಿತು. ಗೋದಾಮುಗಳಿವೆ, ದಾಸ್ತಾನಿನ ಲೆಕ್ಕಕ್ಕೆ ಸಾಫ್ಟ್‌ವೇರ್ ಇದೆ. ನೆರೆಯವರಿಗೆ ಒಲಿದದ್ದು ನಮಗೆ ಯಾಕೆ ಪೂರ್ತಿ ಒಲಿಯಲಿಲ್ಲ? ನನ್ನ ಅಂದಾಜಿನಲ್ಲಿ, ನಿಗಮ ಎಂಬ ಹೆಸರಷ್ಟೇ ಬಂದು ನಿಗಮಕ್ಕೆ ಬೇಕಾದ ಸ್ವಾತಂತ್ರ್ಯ ಬರಲಿಲ್ಲ. ಟೆಂಡರ್ ತಡವಾಗುತ್ತದೆ, ಮರುಟೆಂಡರ್ ಆಗುತ್ತದೆ, ಅಷ್ಟರಲ್ಲಿ ಮೇಲಿನ ಕುರ್ಚಿಯಲ್ಲಿ ಕೂತವರ ವರ್ಗಾವಣೆಯಾಗುತ್ತದೆ.

ಇದರ ಬೆಲೆ ಎಷ್ಟೆಂದು 2024ರ ಕೊನೆಯಲ್ಲಿ ಬಳ್ಳಾರಿ ತೋರಿಸಿತು. ಸಿಸೇರಿಯನ್ ಆಗಿದ್ದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಸಂಶಯ ಬಿತ್ತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ಮೊದಲೇ ರಾಜ್ಯದ ಪರೀಕ್ಷೆಯಲ್ಲಿ ಫೇಲಾಗಿದ್ದವು, ಕೇಂದ್ರದ ಪ್ರಯೋಗಾಲಯ ಅವನ್ನು ಪಾಸು ಮಾಡಿತ್ತು ಎಂದು ಸರ್ಕಾರವೇ ಹೇಳಿತು. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳುವಾಗ ಬಾಟಲಿ ಗೋದಾಮಿನಲ್ಲೇ ಕೂರಬೇಕಿತ್ತು. ಅಗ್ಗದ ಟೆಂಡರ್‌ನಿಂದಲೇ ಹೀಗಾಯಿತು, ಬ್ರಾಂಡ್ ಔಷಧಿಯೇ ಸರಿ ಎಂದು ಆಗ ಕೆಲವರು ವಾದಿಸಿದರು. ಅಗ್ಗ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಮಿಳುನಾಡು ಕೊಳ್ಳುವುದೂ ಟೆಂಡರಿನಲ್ಲಿಯೇ.

ಜನೌಷಧಿ ಜಗಳವನ್ನೂ ಈ ಬೆಳಕಿನಲ್ಲೇ ನೋಡಬೇಕು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿ ಕಡಿಮೆ ಬೆಲೆಗೆ ಔಷಧಿ ಮಾರುತ್ತಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಔಷಧಿ ಪುಕ್ಕಟೆ ಸಿಗಬೇಕಾದ ಜಾಗದಲ್ಲಿ ಅಂಗಡಿ ಯಾಕೆ ಎಂಬುದು ವಾದ. ರಾಜಕೀಯ ಗದ್ದಲವಾಯಿತು, ಅಂಗಡಿಯವರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ತತ್ವದಲ್ಲಿ ಸರ್ಕಾರದ ಮಾತು ಸರಿಯೆಂದೇ ನನ್ನ ಮತ. ಸರ್ಕಾರಿ ಆಸ್ಪತ್ರೆಯೊಳಗೆ ಔಷಧಿ ಅಂಗಡಿ ಇರುವುದೇ ಒಳಗಿನ ಕಿಟಕಿ ಸೋತಿದ್ದಕ್ಕೆ ಸಾಕ್ಷಿ. ಆದರೆ ಒಳಗಿನ ಕಪಾಟು ತುಂಬುವ ಮೊದಲೇ ಅಂಗಡಿ ಮುಚ್ಚಿದರೆ, ಶುಗರ್ ಮಾತ್ರೆಯ ಆ ಹೆಂಗಸು ಕಡಿಮೆ ಬೆಲೆಯ ಜನೌಷಧಿಯಿಂದ ಎದುರು ರಸ್ತೆಯ ಪೂರ್ತಿ ಬೆಲೆಯ ಅಂಗಡಿಗೆ ಹೋಗುತ್ತಾಳೆ.

ರಾಜ್ಯ ಮನಸ್ಸು ಮಾಡಿದ ಕಡೆ ಔಷಧಿ ತಲುಪಿದೆ ಎನ್ನುವುದೂ ನಿಜ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ, ಸ್ವಾಯತ್ತ, ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ಪದ್ಧತಿಯಿಂದ ಹೆಸರಾಯಿತು. ಅದರ ನಂಟಿನಿಂದಲೇ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಿ, ಹೃದಯಾಘಾತ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಆ ಇಂಜೆಕ್ಷನ್ ತಾಲ್ಲೂಕಿನ ಫ್ರಿಜ್ಜಿನವರೆಗೆ ಹೋಗಬಲ್ಲದಾದರೆ ಸಕ್ಕರೆ ಕಾಯಿಲೆಯ ಮಾತ್ರೆ ಹೋಗದೆ ಇರಲು ಕಾರಣ ದುಡ್ಡಲ್ಲ.

2021ರ ಆಗಸ್ಟ್‌ನಲ್ಲಿ ತಮಿಳುನಾಡು, ಬಿಪಿ ಮತ್ತು ಶುಗರ್ ಇರುವವರ ಮನೆಬಾಗಿಲಿಗೇ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿತು. ಮೂರು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಗಡಿಯ ಈಚೆಯ ಕೋಲಾರದಲ್ಲಿ ನಮ್ಮ ‘ಗೃಹ ಆರೋಗ್ಯ’ ಶುರುವಾಯಿತು. ಮನೆಗೆ ಬಂದು ಬಿಪಿ, ಶುಗರ್ ನೋಡಿ ಔಷಧಿ ಕೊಡುವ ಇದೇ ಬಗೆಯ ಯೋಜನೆ, ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಒಳ್ಳೆಯದನ್ನು ನೆರೆಯವರಿಂದ ಕಲಿಯುವುದರಲ್ಲಿ ನಾಚಿಕೆಯಿಲ್ಲ. ಆದರೆ ಅವರ ಯೋಜನೆಯ ಬೆನ್ನಿಗೆ ಕಾಲು ಶತಮಾನದ ಉಗ್ರಾಣವಿದೆ. ಇಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ ಪ್ರತಿಯೊಬ್ಬರೂ ತಿಂಗಳು ತಿಂಗಳಿಗೆ ಮೂವತ್ತು, ಅರವತ್ತು ಮಾತ್ರೆಯ ಬೇಡಿಕೆಯನ್ನು ಅದೇ ಹಳೆಯ ಕಿಟಕಿಗೆ ತರುತ್ತಾರೆ.

ಅಲ್ಲಿ ಮೊದಲ ಕೆಲಸ ಬಹಳ ಸಣ್ಣದು. ಯಾವ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಎಷ್ಟಿದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವ ವ್ಯವಸ್ಥೆ ಈಗಾಗಲೇ ಇದೆ. ಆ ಲೆಕ್ಕವನ್ನು ಪ್ರತಿದಿನ ಬೆಳಿಗ್ಗೆ ಕೌಂಟರಿನ ಪಕ್ಕದ ಗೋಡೆಯ ಮೇಲೆ, ಕನ್ನಡದಲ್ಲಿ, ಇದೆ–ಇಲ್ಲ ಎಂದು ಬರೆದು ಹಾಕಲಿ. ಇಲ್ಲದಿದ್ದರೆ ಯಾವತ್ತು ಬೇಡಿಕೆ ಕಳಿಸಿದ್ದು, ಯಾವತ್ತು ಬರುತ್ತದೆ ಎಂಬುದನ್ನೂ. ಔಷಧಿ ಹಂಚಿಕೆಯ ಬಜೆಟ್‌ನಲ್ಲಿ ಆ ಆಸ್ಪತ್ರೆಯ ಪಾಲೆಷ್ಟು, ಖರ್ಚಾದದ್ದೆಷ್ಟು ಎಂಬ ಎರಡು ಸಂಖ್ಯೆ ಅದರ ಕೆಳಗಿರಲಿ. ಸರ್ಕಾರಿ ಆಸ್ಪತ್ರೆಗಳಿಗೆ ಸ್ಥಳೀಯರು ಸದಸ್ಯರಾಗಿರುವ ಆರೋಗ್ಯ ರಕ್ಷಾ ಸಮಿತಿಗಳಿವೆ. ಈ ಫಲಕ ಯಾಕಿಲ್ಲ ಎಂದು ಅದರ ಮುಂದಿನ ಸಭೆಯಲ್ಲೇ ಕೇಳಬಹುದು.